ಮೂರನೆಯ ಚೀಲದ ಮಣ್ಣು

ಮುಂಬಯಿ
೧೨ ಜೂನ್ ೧೯೬೨

ತೀರ್ಥರೂಪ ಅಪ್ಪನವರ ಪಾದಗಳಿಗೆ ದಶರಥನ ನಮಸ್ಕಾರಗಳು.

ನಾನು ಆರಾಮ ಇದ್ದೇನೆ. ಅವ್ವನ ಮೊಣಕಾಲು ನೋವು ಹೇಗಿದೆ ಎಂಬುದನ್ನು ಕಳೆದ ಪತ್ರದಲ್ಲಿ ನೀವು ಬರೆಯಲಿಲ್ಲ.

ಸಂತೋಷದ ಸುದ್ದಿ ಎಂದರೆ ಪ್ರಯೋಗಶಾಲೆಯಲ್ಲಿ ನನ್ನ ನೌಕರಿ ಕಾಯಂ ಆಯಿತು. ಪ್ರಯೋಗಶಾಲೆ ಎಂದರೆ ದೊಡ್ಡ ವಾಡೆಯಲ್ಲ, ಊರ ಹೊರಗೆ ಸಮುದ್ರದ ಖಾಡಿಯ ದಂಡೆಗೆ ಒಂದು ಕಲ್ಲಿನ ಕಟ್ಟಡ, ಎರಡು ತಗಡಿನ ಶೆಡ್ಡು. ಆದರೆ ಕೆಲಸ ದೊಡ್ಡದು. ಅಣುಶಕ್ತಿಯ ಕೆಲಸ ನಡೆಯುವಲ್ಲಿ ಒಂದು ಬಗೆಯ ಕೆಟ್ಟ ನೀರು ಉಳಿಯುತ್ತದೆ. ನೋಡಿದರೆ ಬಾವಿಯ ನೀರಿನಷ್ಟೇ ತಿಳಿ, ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಅದರೊಳಗೆ ಕಣ್ಣಿಗೆ ಕಾಣದ ವಿಷವಿರುತ್ತದೆ, ನೂರಾರು ವರ್ಷ ಅದು ಸಾಯುವುದಿಲ್ಲ. ಅದನ್ನು ನೆಲಕ್ಕೆ ಚೆಲ್ಲುವಂತಿಲ್ಲ, ಹೊಳೆಗೆ ಬಿಡುವಂತಿಲ್ಲ. ಆ ವಿಷವನ್ನು ಹೀರಿ ತನ್ನೊಳಗೇ ಹಿಡಿದಿಟ್ಟುಕೊಳ್ಳುವ ಮಣ್ಣು ಬೇಕಾಗಿದೆ. ಹೀರಿದ ಮೇಲೆ ಆ ಮಣ್ಣನ್ನು ಕುಂಬಾರನ ಗಡಿಗೆಯಂತೆ ಭಟ್ಟಿಯಲ್ಲಿ ಸುಟ್ಟು, ಡ್ರಮ್ಮಿನಲ್ಲಿ ಮುಚ್ಚಿ, ಯಾರೂ ಮುಟ್ಟದ ಕಡೆ ಹುಗಿಯುವುದು.

ನಮ್ಮ ದೊಡ್ಡ ಸಾಹೇಬರು ಎಲ್ಲರಿಗೂ ತಮ್ಮ ತಮ್ಮ ಊರಿನ ಮಣ್ಣು ತರಿಸಲು ಹೇಳಿದ್ದಾರೆ. ಕೆಟ್ಟ ನೀರನ್ನು ಕೆಳಗೆ ಬಿಡದಂಥ ಮಣ್ಣು ನಮ್ಮ ಕಡೆ ಇದ್ದರೆ ಎರಡು ಮೂರು ಬಗೆಯದು ಕಳಿಸಿರಿ.

ಇನ್ನೆರಡು ಮಾತು. ಕಾರ್ಡು ಬರೆಯಬೇಡಿ, ಕಂಡಕಂಡವರು ಓದುತ್ತಾರೆ. ಮುಚ್ಚಿದ ಪತ್ರವನ್ನೇ ಬರೆಯಿರಿ. ವಿಳಾಸದಲ್ಲಿ ‘ದಶರಥ ಧೂಳಪ್ಪ’ ಎಂದಷ್ಟೇ ಬರೆಯದೆ ‘ಡಿ. ಡಿ. ಬಿಜ್ಜರಗಿ’ ಎಂದು ಬರೆಯಿರಿ. ಇಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ.

ನಿಮ್ಮ ಆಜ್ಞಾಧಾರಕ
ದಶರಥ


ಬಿಜ್ಜರಗಿ
೨ ಜುಲೈ ೧೯೬೨

ಮಗ ದಶರಥನಿಗೆ ಜೈಭೀಮ.

ನಿನ್ನ ಪತ್ರವನ್ನು ನಾನೇ ಓದಿದೆ, ಯಾರ ಕೈಯಿಂದಲೂ ಓದಿಸಲಿಲ್ಲ. ನಲವತ್ತೆಂಟರ ವಯಸ್ಸಿಗೆ ಅಕ್ಷರ ಕಲಿತವನು, ಒಂದು ಪುಟಕ್ಕೆ ಒಂದು ಮುಂಜಾನೆ ಹಿಡಿಯಿತು. ‘ತೀರ್ಥರೂಪ’ ಎಂದು ಓದಿದಾಗ ನಿಮ್ಮವ್ವ ಪರಸವ್ವ, "ಅವರ್ಯಾರ್ರೀ? ಇದು ನಮ್ಮ ಮನಿ ಪತ್ರ ಹೌದಿಲ್ಲೋ, ಹೊಳ್ಳಿಸಿ ನೋಡ್ರಿ" ಅಂದಳು. ಅವಳ ಮೊಣಕಾಲು ಇದ್ದ ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ. ನಿನ್ನ ಪತ್ರದ ತಲೆಯ ಮೇಲೆ ಜೈಭೀಮ ಇರಲಿಲ್ಲ. ಅವಸರದಲ್ಲಿ ಮರೆತಿರಬೇಕು.

ಮೂರು ಚೀಲ ಮಣ್ಣು ಕಳಿಸಿದ್ದೇನೆ. ವಿಜಾಪುರದಲ್ಲಿ ಸೊಲ್ಲಾಪುರ ರಸ್ತೆಯ ಹಸನಸಾಬನ ಗ್ಯಾರೇಜಿನಿಂದ ಮುಂಬಯಿಗೆ ಲಾರಿ ಹೋಗುತ್ತದೆ, ಅದರಲ್ಲಿ ಹಾಕಿಸಿದ್ದೇನೆ. ಒಂದನೆಯದು ಸಾರವಾಡದ ಕಪ್ಪು ಎರಿ ಮಣ್ಣು, ಡೋಣಿ ಹೊಳೆಯ ದಂಡೆಯದು, ನಿಮ್ಮಕ್ಕ ರೇಣವ್ವನ ಊರಿನದು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತಾರೆ. ನಮ್ಮ ಓಣಿಗೆ ಅದು ಎಂದೂ ಬರಲಿಲ್ಲ, ಮಣ್ಣಾದರೂ ನಿನ್ನ ಕಡೆ ಬರಲಿ. ಎರಡನೆಯದು ತಿಕೋಟಾ ದಾರಿಯ ಕೆಂಪು ಮಸಾರಿ.

ಮೂರನೆಯದರ ಮಾತು ಬೇರೆ. ಕೆಟ್ಟ ನೀರನ್ನು ಕೆಳಗೆ ಬಿಡದ ಮಣ್ಣು ಯಾವುದೆಂದು ನನಗೆ ಕೇಳುವುದು, ಅಗಸನಿಗೆ ಬಟ್ಟೆ ಒಗೆಯುವ ಸವಳು ಮಣ್ಣು ಯಾವುದೆಂದು ಕೇಳಿದ ಹಾಗೆ. ನೀನು ಮೂರು ವರ್ಷದವನಿದ್ದಾಗ ಬಸಗೊಂಡಪ್ಪ ಗೌಡನ ಎರಡು ಎತ್ತು ನೆರಡಿ ರೋಗ ಬಂದು ಸತ್ತವು. ನೆರಡಿಯ ದನವನ್ನು ಸುಲಿಯುವಂತಿಲ್ಲ, ಇದ್ದ ಹಾಗೇ ಹುಗಿಯಬೇಕು. ಅಗೆಯಲು ಹಗುರ ಎಂದು ನಾನು ಆಲಸ್ಯ ಮಾಡಿ ಮಸಾರಿಯಲ್ಲಿ ಹುಗಿದೆ. ಮಳೆಗಾಲ ಮುಗಿಯುವುದರೊಳಗೆ ಕೆಳಗಿನ ಬಾವಿಯ ನೀರು ನಾರಿತು, ಅದನ್ನು ಕುಡಿದ ಆಡುಗಳು ಸತ್ತವು. ಆಗ ನಮ್ಮಪ್ಪ ನನಗೆ ಬೈದು ಹೆಬ್ಬೆಟ್ಟಿನ ಬಟ್ಟಲು ಕಲಿಸಿದ. ಮಣ್ಣನ್ನು ನೀರು ಹಾಕಿ ಮುದ್ದೆ ಮಾಡಬೇಕು, ಹೆಬ್ಬೆಟ್ಟಿನಿಂದ ನಡುವೆ ತಗ್ಗು ಒತ್ತಬೇಕು, ಅದರಲ್ಲಿ ನೀರು ತುಂಬಿ ನೆರಳಲ್ಲಿ ಇಡಬೇಕು. ಮುಂಜಾನೆ ಇಟ್ಟ ನೀರು ಸಂಜೆಗೂ ಇದ್ದರೆ ಆ ಮಣ್ಣಿನಲ್ಲಿ ಹುಗಿಯಬಹುದು.

ಹಳ್ಳದ ದಂಡೆಯ ನಮ್ಮ ಹಳೆಯ ಜಾಗ ನಿನಗೆ ಗೊತ್ತು. ಅಲ್ಲಿ ಎರಿಯ ಕೆಳಗೆ, ಒಂದಾಳು ಆಳದಲ್ಲಿ, ಹಸಿರು ಛಾಯೆಯ ಜಿಗುಟು ಮಣ್ಣಿದೆ. ಅದರಲ್ಲಿ ಮಾಡಿದ ಬಟ್ಟಲಿನ ನೀರು ಮೂರು ದಿನ ಇಳಿಯುವುದಿಲ್ಲ. ಇಪ್ಪತ್ತು ವರ್ಷ ನಾವು ಅಲ್ಲಿ ಸತ್ತ ದನ ಹುಗಿದಿದ್ದೇವೆ, ನಲವತ್ತು ಹೆಜ್ಜೆ ಆಚೆಯ ಬಾವಿ ಇಂದಿಗೂ ಸಿಹಿ. ಮೂರನೆಯ ಚೀಲ ಅದು. ಹೊಸ ಕಡೆ ಅಗೆದಿದ್ದೇನೆ, ಎಲುಬು ಗಿಲುಬು ಇಲ್ಲ, ಅಂಜಬೇಡ. ಬುದ್ಧನ ದೀಕ್ಷೆ ತಗೊಂಡು, ಸತ್ತ ದನ ಎಳೆಯುವ ಹಗ್ಗವನ್ನು ಗೌಡನ ಕಟ್ಟೆಯ ಮುಂದೆ ಎಸೆದು ಬಂದ ಮೇಲೆ ಐದು ವರ್ಷ ಆ ಜಾಗಕ್ಕೆ ಕಾಲಿಟ್ಟಿರಲಿಲ್ಲ. ನಿನ್ನ ಸಲುವಾಗಿ ಇಟ್ಟೆ.

ಒಂದು ಕೇಳುತ್ತೇನೆ. ಆ ನೀರನ್ನು ಕೈಯಿಂದ ಹಿಡಿಯುವವರು ಯಾರು? ನೀನಲ್ಲವಷ್ಟೇ?

ಧೂಳಪ್ಪ


ಮುಂಬಯಿ
೨೫ ಆಗಸ್ಟ್ ೧೯೬೨

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಮೂರನೆಯ ಚೀಲ ಇಲ್ಲಿ ಎಲ್ಲರ ಬಾಯಲ್ಲಿದೆ. ಮಣ್ಣಿಗೆ ಮರಳು ಬೆರೆಸಿ ಗಾಜಿನ ಕೊಳವೆಗೆ ತುಂಬಿ, ಮೇಲಿನಿಂದ ಕೆಟ್ಟ ನೀರು ಬಿಡುತ್ತಾರೆ. ಕೆಳಗೆ ಇಳಿದ ನೀರಿನ ಹತ್ತಿರ ಒಂದು ಯಂತ್ರ ಹಿಡಿಯುತ್ತಾರೆ. ವಿಷ ಉಳಿದಿದ್ದರೆ ಅದು ಟಿಕ್ ಟಿಕ್ ಎನ್ನುತ್ತದೆ. ಸಾರವಾಡದ ಎರಿಯಲ್ಲಿ ಅಷ್ಟಿಷ್ಟು ಅಂದಿತು, ಮಸಾರಿಯಲ್ಲಿ ಬಾಯಿ ಮುಚ್ಚಲೇ ಇಲ್ಲ. ಮೂರನೆಯದಕ್ಕೆ ಯಂತ್ರ ಸುಮ್ಮನಾಗಿಬಿಟ್ಟಿತು, ಕೆಟ್ಟಿದೆಯೇನೋ ಎಂದು ಸಾಹೇಬರು ಬೇರೆ ಯಂತ್ರ ತರಿಸಿದರು. ನೀರನ್ನು ತಡೆಯುವ ಮಣ್ಣೆಲ್ಲ ವಿಷವನ್ನು ಹಿಡಿಯುವುದಿಲ್ಲವಂತೆ, ಇದು ಎರಡನ್ನೂ ಮಾಡುತ್ತದೆ.

"ಇದನ್ನು ಆರಿಸಿದವರು ಯಾರು? ನಿಮ್ಮ ತಂದೆ ರೈತರೇ?" ಎಂದು ಸಾಹೇಬರು ಕೇಳಿದರು. ಹೌದು ಎಂದೆ. ತಪ್ಪೇನೂ ಆಗಲಿಲ್ಲವಲ್ಲ, ನೀವೂ ಮಣ್ಣಿನೊಂದಿಗೇ ದುಡಿದವರು.

ನೀರು ಹಿಡಿಯುವವರು ಬೇರೆ ಇದ್ದಾರೆ. ನನ್ನದು ಬರೆದುಕೊಳ್ಳುವ ಕೆಲಸ.

ಸತ್ತ ದನ, ಹಗ್ಗ ಇವುಗಳ ಸಂಗತಿಯನ್ನು ಪತ್ರದಲ್ಲಿ ಬರೆಯಬೇಡಿ. ನನ್ನ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ, ಧಾರವಾಡದವರು, ಕನ್ನಡ ಚೆನ್ನಾಗಿ ಓದುತ್ತಾರೆ.

ದಶರಥ


ಬಿಜ್ಜರಗಿ
೧೮ ಸೆಪ್ಟೆಂಬರ್ ೧೯೬೨

ಮಗ ದಶರಥನಿಗೆ ಜೈಭೀಮ.

ಮಣ್ಣು ಪಾಸಾದದ್ದು ತಿಳಿದು ನಿಮ್ಮವ್ವ ಓಣಿಯಲ್ಲಿ ಸಕ್ಕರೆ ಹಂಚಿದಳು. ಮಗ ಪಾಸಾದಾಗ ಹಂಚಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ.

ನನ್ನನ್ನು ರೈತ ಎಂದೆಯಂತೆ. ಎಷ್ಟು ಎಕರೆ ಎಂದು ಹೇಳಿದಿ ಅದನ್ನೂ ತಿಳಿಸು, ಊರಲ್ಲಿ ಎಲ್ಲಾದರೂ ಸಿಕ್ಕರೆ ಹುಡುಕಿ ಇಡುತ್ತೇನೆ. ನಗುತ್ತಲೇ ಬರೆದಿದ್ದೇನೆ, ನೀನೂ ನಕ್ಕು ಓದು.

ನೀನು ಬೇಡ ಎಂದ ಸಂಗತಿಯನ್ನು ಇನ್ನು ಬರೆಯುವುದಿಲ್ಲ. ಹಾಗೆ ನೋಡಿದರೆ ನನ್ನ ಬದುಕಿನಲ್ಲಿ ಬರೆಯಲು ಉಳಿದದ್ದು ಸ್ವಲ್ಪವೇ. ಮಳೆ ಚೆನ್ನಾಗಿದೆ. ರೇಣವ್ವನಿಗೆ ಹೆಣ್ಣು ಮಗು ಆಗಿದೆ, ಹೆಸರು ಅಮೋಘಿ. ದೀಪಾವಳಿಗೆ ಬಾ.

ಧೂಳಪ್ಪ


ಮುಂಬಯಿ
೧೦ ಜನವರಿ ೧೯೬೩

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ದೀಪಾವಳಿಗೆ ಬರಲಾಗಲಿಲ್ಲ, ರಜೆ ಇರಲಿಲ್ಲ. ಪತ್ರ ಬರೆಯಲೂ ಆಗಲಿಲ್ಲ. ಎಕರೆಯ ಮಾತು ಓದಿ ನಕ್ಕೆ.

ಸಾಹೇಬರಿಗೆ ಈಗ ಮೂರನೆಯ ಚೀಲದ ಮಣ್ಣು ಹೆಚ್ಚು ಬೇಕಾಗಿದೆ, ದೊಡ್ಡ ಹಂಡೆಯಲ್ಲಿ ಪ್ರಯೋಗ ಮಾಡುತ್ತಾರಂತೆ. ನೆಲದ ಶಾಸ್ತ್ರ ಓದಿದ ಚಿಕ್ಕ ಸಾಹೇಬರು ಫೆಬ್ರವರಿಯಲ್ಲಿ ಜೀಪು ತಗೊಂಡು ನಮ್ಮ ಕಡೆ ಬರುತ್ತಾರೆ. ನಾನು ಜೊತೆಗೇ ಬರುತ್ತೇನೆ, ಜಾಗವನ್ನು ನಾನೇ ತೋರಿಸುತ್ತೇನೆ. ನೀವು ಯಾವುದಕ್ಕೂ ತೊಂದರೆ ತಗೊಳ್ಳಬೇಡಿ.

ದಶರಥ


ಮುಂಬಯಿ
೧೪ ಫೆಬ್ರವರಿ ೧೯೬೩

ಅಪ್ಪನವರಿಗೆ ನಮಸ್ಕಾರ.

ನನಗೆ ಜ್ವರ ಬಂದಿದೆ. ಚಿಕ್ಕ ಸಾಹೇಬರು ಒಬ್ಬರೇ ಇಪ್ಪತ್ತನೆಯ ತಾರೀಖಿಗೆ ಬರುತ್ತಾರೆ. ಮಣ್ಣು ಕೊಟ್ಟು ಕಳಿಸಿರಿ. ಹೆಚ್ಚು ಮಾತು ಬೇಡ, ಅವರಿಗೆ ಅವಸರ ಇರುತ್ತದೆ.

ದಶರಥ


ಬಿಜ್ಜರಗಿ
೨೬ ಫೆಬ್ರವರಿ ೧೯೬೩

ಮಗ ದಶರಥನಿಗೆ ಜೈಭೀಮ.

ಜೀಪು ಬಂದಿತ್ತು. ಆರು ಚೀಲ ಮಣ್ಣು ಹೇರಿ ಕಳಿಸಿದೆವು. ಸಾಹೇಬರು ಒಳ್ಳೆಯವರು, ಫೋಟೋ ತೆಗೆದರು. ಬಸಗೊಂಡಪ್ಪ ಗೌಡರು ಬಹಳ ಉಪಕಾರ ಮಾಡಿದರು.

ನಿನ್ನ ಜ್ವರ ಇಳಿಯಿತೇ? ನಿಮ್ಮವ್ವ ದಿನಾ ಕೇಳುತ್ತಾಳೆ.

ಧೂಳಪ್ಪ


ಮುಂಬಯಿ
೩೦ ಏಪ್ರಿಲ್ ೧೯೬೩

ಅಪ್ಪನವರಿಗೆ ನಮಸ್ಕಾರ.

ಸಿಟ್ಟಿನಿಂದ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ನೀವು ಕೊಟ್ಟು ಕಳಿಸಿದ ಆರು ಚೀಲ ಯಾವ ಜಾಗದ್ದು? ಎರಡು ತಿಂಗಳು ಎಲ್ಲರೂ ಮೈಮುರಿದು ದುಡಿದೆವು. ಜರಡಿ ಹಿಡಿದು, ಮರಳು ಬೆರೆಸಿ, ಹಂಡೆ ತುಂಬಿ ನೀರು ಬಿಟ್ಟರೆ ಯಂತ್ರ ಮಸಾರಿಗೆ ಅಂದಂತೆ ಟಿಕ್ ಟಿಕ್ ಎಂದಿತು. ದೊಡ್ಡ ಸಾಹೇಬರು ಎಲ್ಲರ ಮುಂದೆ, "ಬಿಜ್ಜರಗಿ, ನಿಮ್ಮ ಮೊದಲಿನ ಚೀಲ ನಿಜವಾಗಿಯೂ ಅದೇ ಹೊಲದ್ದೇ?" ಎಂದು ಕೇಳಿದರು. ನನ್ನನ್ನು ಮೋಸಗಾರನನ್ನು ನೋಡಿದಂತೆ ನೋಡಿದರು.

ಒಂದು ಜಾಗ ತೋರಿಸುವುದಕ್ಕೆ ನಿಮಗೆ ಆಗಲಿಲ್ಲವೇ? ಜೀಪು, ಫೋಟೋ ಎಂದು ಗಡಿಬಿಡಿಯಲ್ಲಿ ಸಿಕ್ಕಿದ ಕಡೆ ಅಗೆದು ಕೊಟ್ಟಿರಿ ಎಂದು ಕಾಣುತ್ತದೆ. ಊರಿನ ಕೆಲಸದಂತಲ್ಲ ಇದು. ನಿಮ್ಮಿಂದ ನನ್ನ ಹೆಸರು ಕೆಟ್ಟಿತು.

ದಶರಥ


ಬಿಜ್ಜರಗಿ
೮ ಮೇ ೧೯೬೩

ಮಗ ದಶರಥನಿಗೆ ಜೈಭೀಮ.

ತಪ್ಪು ನನ್ನದೇ. ಸಾಹೇಬರಿಗೆ ಹಾಗೆಯೇ ಹೇಳು.

ಧೂಳಪ್ಪ


ಮುಂಬಯಿ
೨೧ ಜೂನ್ ೧೯೬೩

ಅಪ್ಪಾ, ಜೈಭೀಮ.

ಈ ಎರಡು ಶಬ್ದ ಬರೆದು, ಒಂದು ತಾಸು ಕೂತು, ಈಗ ಮುಂದಿನದನ್ನು ಬರೆಯುತ್ತಿದ್ದೇನೆ.

ಚಿಕ್ಕ ಸಾಹೇಬರು ತೆಗೆದ ಫೋಟೋ ಹೋದ ವಾರ ತೊಳೆದು ಬಂತು. ಬಸಗೊಂಡಪ್ಪ ಗೌಡ ರುಮಾಲು ಸುತ್ತಿ ಕುರ್ಚಿಯ ಮೇಲೆ ಕೂತಿದ್ದಾನೆ. ದೊಡ್ಡ ಸಾಹೇಬರು ಅದನ್ನು ನೋಡಿ, "ಬಿಜ್ಜರಗಿ, ನೀವು ತಂದೆಯನ್ನು ಹೋಲುವುದಿಲ್ಲ" ಎಂದರು. ನನಗೆ ತಿಳಿಯಲಿಲ್ಲ. ಬಾಗಿ ನೋಡಿದೆ. ಹಿಂದೆ ಜೀಪಿನ ಮಗ್ಗುಲಿಗೆ ಒಬ್ಬ ತಲೆಯ ಮೇಲೆ ಚೀಲ ಹೊತ್ತು ನಿಂತಿದ್ದಾನೆ. ಚೀಲದ ನೆರಳು ಬಿದ್ದು ಮುಖ ಕಾಣುವುದಿಲ್ಲ. ಎಡಗಾಲಿನ ಹೆಬ್ಬೆರಳು ಹೊರಕ್ಕೆ ತಿರುಗಿದೆ, ಎತ್ತು ತುಳಿದು ಮುರಿದ ಬೆರಳು.

ಚಿಕ್ಕ ಸಾಹೇಬರು ಹೇಳಿದರು: "ಆ ಆಳು ಬಹಳ ತಿಳಿದವನು. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ತಲೆ ಅಲ್ಲಾಡಿಸಿದ, ಮತ್ತೆ ಅದನ್ನೇ ಚೀಲಕ್ಕೆ ತುಂಬಿದ. ನಾವು ಹೊರಡುವಾಗ ಗಾಡಿಯ ಹತ್ತಿರ ಬಂದು, ದಶರಥ ಸಾಹೇಬರ ಜ್ವರ ಇಳಿದಿದೆಯೇ ಎಂದು ಕೇಳಿದ."

ಅಪ್ಪಾ, ನನಗೆ ಜ್ವರ ಇರಲಿಲ್ಲ.

ಎಷ್ಟು ಎಕರೆ ಎಂದು ನೀನು ನಗುತ್ತ ಕೇಳಿದ್ದೆ. ಎಪ್ಪತ್ತು ಎಂದಿದ್ದೆ. ಹನ್ನೆರಡು ಎತ್ತು, ಒಂದು ವಾಡೆ ಎಂದಿದ್ದೆ. ಮೂರನೆಯ ಚೀಲ ನಮ್ಮ ಹೊಲದ್ದು ಎಂದಿದ್ದೆ. ಸಾಹೇಬರು ಮೊದಲ ದಿನ ಬಹಳ ಪ್ರೀತಿಯಿಂದ ಕೇಳಿದರು, ಆ ಪ್ರೀತಿ ಎಲ್ಲಿ ಹೋಗಿಬಿಡುತ್ತದೋ ಎಂದು ಒಂದು ಸುಳ್ಳು ಹೇಳಿದೆ. ಅದಕ್ಕೆ ಆಸರೆಯಾಗಿ ಇನ್ನೊಂದು. ರಜಿಸ್ಟರಿನಲ್ಲಿ ‘ಮಣ್ಣು ಆರಿಸಿದವರು’ ಎಂಬಲ್ಲಿ ನನ್ನ ಹೆಸರನ್ನೇ ಬರೆದುಕೊಂಡೆ. ಜೀಪಿನಲ್ಲಿ ಬಂದು ನಿನ್ನ ಮುಂದೆ ಇಳಿದರೆ ಎಲ್ಲ ಬಯಲಾಗುತ್ತದೆ ಎಂದು ಹೆದರಿ ಕಂಬಳಿ ಹೊದ್ದು ಮಲಗಿದೆ. ನೀನು ಹೇಗಾದರೂ ನಿಭಾಯಿಸುತ್ತೀ ಎಂದುಕೊಂಡಿದ್ದೆ. ಹೇಗೆ ಎಂದು ಯೋಚಿಸಲಿಲ್ಲ. ಯೋಚಿಸಲಿಲ್ಲ ಎಂಬುದೂ ಸುಳ್ಳು. ಯೋಚಿಸಿದೆ, ಬೇಗ ಮರೆತೆ. ಆಮೇಲೆ ನಿನ್ನಿಂದ ನನ್ನ ಹೆಸರು ಕೆಟ್ಟಿತು ಎಂದೂ ಬರೆದೆ.

ಇನ್ನೊಂದು. ಆ ನೀರನ್ನು ಹಿಡಿಯುವವನು ನಾನೇ. ಕ್ಯಾನಿನಲ್ಲಿ ತರುವುದು, ಕೊಳವೆಗೆ ಸುರಿಯುವುದು, ಚೆಲ್ಲಿದರೆ ಅರಿವೆಯಿಂದ ಒರೆಸುವುದು, ಒರೆಸಿದ ಅರಿವೆಯನ್ನು ಡ್ರಮ್ಮಿಗೆ ಹಾಕುವುದು ನನ್ನ ಕೆಲಸ. ಅವರಿವರ ಹೊಲಸು ಮುಟ್ಟಬಾರದು ಎಂದು ನೀನು ನನ್ನನ್ನು ಸಾಲಿಗೆ ಹಾಕಿ ಓದಿಸಿದೆ. ನಾನು ಬಂದು ನಿಂತದ್ದು ಎಲ್ಲಿ ನೋಡು.

ಫೋಟೋವನ್ನು ಸಾಹೇಬರು ಗೋಡೆಗೆ ಅಂಟಿಸಿದ್ದಾರೆ. ಅವರು ಅತ್ತ ತಿರುಗಿದಾಗಲೆಲ್ಲ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತೇನೆ. ಮೂರು ಸಲ ಹೇಳಬೇಕೆಂದು ಅವರ ಕೋಣೆಯ ಬಾಗಿಲಿಗೆ ಹೋದೆ. ಮೂರು ಸಲವೂ ಹೊರಗಿನಿಂದಲೇ ತಿರುಗಿ ಬಂದೆ. ನಿನಗೆ ಬರೆಯುವುದು ಸುಲಭ, ನೀನು ಅಪ್ಪ. ನನಗೆ ನಾಚಿಕೆಯಾಗಿದೆ ಅಪ್ಪಾ. ನಿನ್ನ ಸಲುವಾಗಿ ಅಲ್ಲ, ನನ್ನ ಸಲುವಾಗಿ.

ದಶರಥ


ಬಿಜ್ಜರಗಿ
೭ ಜುಲೈ ೧೯೬೩

ಮಗ ದಶರಥನಿಗೆ ಜೈಭೀಮ.

ನಿನ್ನ ಪತ್ರ ಓದಲು ಎರಡು ದಿನ ಹಿಡಿಯಿತು. ಅಕ್ಷರ ಬಾರದೆ ಅಲ್ಲ.

ಆ ದಿನ ಏನಾಯಿತು ಎಂದು ಬರೆಯುತ್ತೇನೆ. ನಾನು ತೊಳೆದ ಧೋತರ ಉಟ್ಟು ಚಾವಡಿಯ ಮುಂದೆ ಮುಂಜಾನೆಯಿಂದ ನಿಂತಿದ್ದೆ. ನಿಮ್ಮವ್ವ ಸಾಹೇಬರಿಗೆ ಶೇಂಗಾ ಹೋಳಿಗೆ ಮಾಡಿಟ್ಟಿದ್ದಳು. ಜೀಪು ಬಂತು. ಸಾಹೇಬ ಇಳಿದು, "ಎಪ್ಪತ್ತು ಎಕರೆಯ ಧೂಳಪ್ಪನವರ ವಾಡೆ ಎಲ್ಲಿ? ಮುಂಬಯಿಯ ದಶರಥನ ತಂದೆ" ಎಂದು ಮರಾಠಿಯಲ್ಲಿ ಕೇಳಿದ. ಕಟ್ಟೆಯ ಮೇಲೆ ಬಸಗೊಂಡಪ್ಪ ಗೌಡನ ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ನಗಲಿಕ್ಕೆ ಬಾಯಿ ತೆರೆದ. ಅವನ ನಗೆ ಹೊರಬಿದ್ದಿದ್ದರೆ ಮುಂಬಯಿಯ ತನಕ ಕೇಳುತ್ತಿತ್ತು. ಅದಕ್ಕೆ ನಾನು ಗೌಡನ ಕಡೆ ಕೈ ಮಾಡಿ, "ಇವರಽ ನೋಡ್ರಿ ಧೂಳಪ್ಪ ಗೌಡ್ರು. ನಾ ಇವರ ಆಳಮನಷ್ಯಾ" ಅಂದೆ.

ಬಸಗೊಂಡಪ್ಪ ಗೌಡ ಹಗ್ಗ ಎಸೆದ ದಿನದಿಂದ ನನ್ನೊಂದಿಗೆ ಮಾತು ಬಿಟ್ಟವನು. ಈಗ ಮುಗಿಯಿತು ಅಂದುಕೊಂಡೆ. ಅವನು ನನ್ನನ್ನೊಮ್ಮೆ ನೋಡಿದ, ಮೀಸೆ ತಿರುವಿದ, "ಹೌದ್ರಿ, ನಾನಽ ಧೂಳಪ್ಪ, ಬರ್ರಿ" ಅಂದ. ತನ್ನ ಹೊಲಕ್ಕೆ ಕರೆದುಕೊಂಡು ಹೋದ. ಸಾಹೇಬ ಹೊಲದ ಮಣ್ಣು ಎಂದ, ನಾನು ಹೊಲದ ಮಣ್ಣು ಅಗೆದು ಕೊಟ್ಟೆ. ಅದು ಹಿಡಿಯುವ ಮಣ್ಣಲ್ಲ ಎಂದು ಮುಷ್ಟಿಗೆ ತಿಳಿಯಿತು. ಹಳ್ಳದ ದಂಡೆಗೆ ಕರೆದೊಯ್ದರೆ ಅಲ್ಲಿ ಏನು ಹುಗಿದಿರಿ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದ. ಹೇಳಿದರೆ ನಿನ್ನ ಎಪ್ಪತ್ತು ಎಕರೆ ಅಲ್ಲೇ ಮುಳುಗುತ್ತಿತ್ತು. ಸುಮ್ಮನೆ ಚೀಲ ಹೊತ್ತೆ.

ಜೀಪು ಹೋದ ಮೇಲೆ ಗೌಡ ಕಟ್ಟೆಯಿಂದಲೇ ಕೂಗಿದ: "ಏನ ಧೂಳ್ಯಾ, ಹಗ್ಗ ಬಿಟ್ಟಿ, ನನ್ನ ಮನಿ ಕೆಲಸ ಬಿಟ್ಟಿ. ಈಗ ಮಗಾ ನಿನ್ನ ಬಿಟ್ಟನೇನು?" ಐದು ವರ್ಷ ಅವನ ಕಟ್ಟೆಯ ಮುಂದೆ ತಲೆ ಎತ್ತಿ ನಡೆದಿದ್ದೆ. ಆ ದಿನ ತಗ್ಗಿಸಿ ಮನೆಗೆ ಬಂದೆ. ಹೋಳಿಗೆಯನ್ನು ನಾವಿಬ್ಬರೇ ಮೂರು ದಿನ ತಿಂದೆವು. ನನಗೆ ಸಿಟ್ಟಿಲ್ಲ ಎಂದು ಬರೆದರೆ ಅದು ನಿನ್ನ ಜ್ವರದಂಥ ಮಾತಾಗುತ್ತದೆ.

ನೀನು ಆ ನೀರು ಹಿಡಿಯುತ್ತಿ ಎಂದು ತಿಳಿದು ನಿಮ್ಮವ್ವ ಅತ್ತಳು. ನಾನು ಅಳಲಿಲ್ಲ. ನಾನು ಹಗ್ಗ ಬಿಟ್ಟದ್ದು ಆ ಕೆಲಸ ಹೊಲಸು ಎಂದಲ್ಲ. ಸತ್ತ ದನವನ್ನು ಯಾರಾದರೂ ಎಳೆಯಲೇಬೇಕು, ಇಲ್ಲದಿದ್ದರೆ ಊರೇ ನಾರುತ್ತದೆ. ಆದರೆ ಅದನ್ನು ನೀವೇ ಎಳೆಯಿರಿ, ನಿಮ್ಮ ಮಕ್ಕಳೇ ಎಳೆಯಲಿ, ಎಳೆದು ಬಾವಿಯಿಂದ ದೂರ ನಿಲ್ಲಿರಿ ಎಂದು ಊರು ಹೇಳಿತ್ತು, ಅದಕ್ಕೆ ಬಿಟ್ಟೆ. ನೀನು ಹಿಡಿಯುವ ನೀರು ಚೆಲ್ಲಿದರೆ ಗೌಡನ ಬಾವಿ, ನಮ್ಮ ಬಾವಿ ಎಂದು ನೋಡುತ್ತದೆಯೇ? ಅದನ್ನು ಕಾಯುವುದು ನಾಚಿಕೆಯ ಕೆಲಸವಲ್ಲ. ನಿನ್ನ ಕೈಗೆ ಏನಾದರೂ ಹಾಕಿಕೊಳ್ಳಲು ಕೊಡುತ್ತಾರೋ ಇಲ್ಲವೋ, ಅದನ್ನು ಬರೆ.

ಇನ್ನು ಮಣ್ಣು. ಹಳ್ಳದ ದಂಡೆಯಿಂದ ಆರು ಚೀಲ ಜಿಗುಟು ಮಣ್ಣು ತೆಗೆದಿದ್ದೇನೆ. ಪ್ರತಿ ಚೀಲದ್ದೂ ಬಟ್ಟಲು ಮಾಡಿ ನೋಡಿದ್ದೇನೆ, ನೀರು ಇಳಿದಿಲ್ಲ. ಈ ಸಲ ಬರೀ ಮಣ್ಣು ಬರುವುದಿಲ್ಲ. ನಾನೂ ಬರುತ್ತೇನೆ. ಹಸನಸಾಬ ಲಾರಿಯಲ್ಲಿ ಮುಂದೆ ಕೂಡಿಸಿಕೊಳ್ಳುತ್ತೇನೆ ಎಂದಿದ್ದಾನೆ. ಇಪ್ಪತ್ತೆರಡನೆಯ ತಾರೀಖು ಮುಂಜಾನೆ ನಿಮ್ಮ ಗೇಟಿಗೆ ಮುಟ್ಟುತ್ತೇವೆ.

ಗೇಟಿನಲ್ಲಿ ಇವನು ಯಾರು ಎಂದು ಕೇಳುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ನೀನೇ ಹೇಳು. ಆಳು ಎಂದರೆ ಚೀಲ ಇಳಿಸಿ ಅದೇ ಲಾರಿಗೆ ಹೊಳ್ಳಿ ಬರುತ್ತೇನೆ. ಒಮ್ಮೆ ಆಳಾಗಿದ್ದೇನೆ, ರೂಢಿ ಇದೆ. ಆದರೆ ಆಮೇಲೆ ನನ್ನ ಪತ್ರದ ದಾರಿ ನೋಡಬೇಡ.

ಧೂಳಪ್ಪ


ಮುಂಬಯಿ
೧೬ ಜುಲೈ ೧೯೬೩
(ಕಾರ್ಡು)

ಯಪ್ಪಾ, ಜೈಭೀಮ.

ಇದನ್ನ ಕಾರ್ಡಿನ್ಯಾಗ ಬರದೇನಿ. ಯಾರರೆ ಓದಲಿ.

ನಿನ್ನೆ ದೊಡ್ಡ ಸಾಹೇಬರನ್ನ ಕರಕೊಂಡ ಹೋಗಿ ಫೋಟೋದಾಗ ಚೀಲ ಹೊತ್ತಾಂವನ ಮ್ಯಾಲೆ ಬೆರಳ ಇಟ್ಟೆ. ನಮ್ಮಪ್ಪ ಇವರು ಅಂದೆ. ಕುರ್ಚಿ ಮ್ಯಾಲೆ ಕುಂತಾಂವ ಯಾರು, ಮೂರನೇ ಚೀಲ ಎಲ್ಲಿದು, ಅಲ್ಲಿ ಏನ ಹುಗದೀವಿ, ಹೆಬ್ಬೆಟ್ಟಿನ ಬಟ್ಟಲಾ ಹೆಂಗ ಮಾಡ್ತಾರ, ಎಲ್ಲಾ ಹೇಳಿದೆ. ಸಾಹೇಬರು ಫೋಟೋ ಗ್ವಾಡಿಯಿಂದ ತಗದು ಬೆಳಕಿಗೆ ಹಿಡದ ನೋಡಿದರು. ಆಮ್ಯಾಲೆ ಎರಡ ತಿಂಗಳ ಕೆಲಸ ಹಾಳ ಮಾಡಿದಿ ಅಂತ ಬೈದರು. ಬೈಸಿಕೊಂಡೆ. ರಜಿಸ್ಟರದಾಗ ನನ್ನ ಹೆಸರ ಹೊಡದು ನಿನ್ನ ಹೆಸರ ಬರದೇನಿ. ಕೈಗೆ ರಬ್ಬರ ಚೀಲಾ ಕೊಟ್ಟಾರ, ಹಾಕ್ಕೋತೇನಿ.

ಕೋಣ್ಯಾಗಿನ ಧಾರವಾಡದಾಂವ ಸಂಜಿಕ ತನ್ನ ನೀರಿನ ಚರಿಗಿ ಬ್ಯಾರೆ ಇಟ್ಟಾನ. ಇಡಲಿ.

ನಾಚಿಕಿ ಹೋಗಿಲ್ಲ. ನಿನ್ನ ಮಾರಿ ನೋಡಿದ ಮ್ಯಾಲೂ ಲಗೂನ ಹೋಗಾಂಗಿಲ್ಲ.

ಇಪ್ಪತ್ತೆರಡಕ್ಕ ಮುಂಜಾನೆದ್ದ ಗೇಟಿನ್ಯಾಗ ನಿಂತಿರತೇನಿ. ಅವರು ಕೇಳೂಕಿಂತ ಮೊದಲ ನಾನಽ ಹೇಳತೇನಿ. ಅವ್ವಗ ಹೋಳಿಗಿ ಕಟ್ಟಿ ಕೊಡ ಅನ್ನು. ಲಾರಿ ನಿಂತ ಮ್ಯಾಲೆ ನೀ ಚೀಲ ಮುಟ್ಟಬ್ಯಾಡ. ನಾ ಇಳಸ್ತೇನಿ.

ನಿನ್ನ ಮಗ
ದಶರಥ ಧೂಳಪ್ಪ